ರೆಕಾರ್ಡ್ ಡ್ಯಾನ್ಸ್: ಕುಣಿಯುವವರು, ನೋಡುವವರು, ಬರೆಯುವವರು

ಮುಳಬಾಗಿಲು ತಾಲ್ಲೂಕಿನಲ್ಲಿ ಮೇಷ್ಟ್ರಾಗಿರುವ ಕಿರಿಯ ಗೆಳೆಯರೊಬ್ಬರು ಮೊನ್ನೆ ಒಂದು ಮನವಿ ಪತ್ರ ಕಳಿಸಿದ್ದರು. ಜಾತ್ರೆಗಳಲ್ಲಿ ಆರ್ಕೆಸ್ಟ್ರಾ ಹೆಸರಿನಲ್ಲಿ ಅಶ್ಲೀಲ ಕುಣಿತ ನಡೆಯುತ್ತಿದೆ, ಸಂಸ್ಕೃತಿ ಹಾಳಾಗುತ್ತಿದೆ, ಯುವಕರು ದಾರಿ ತಪ್ಪುತ್ತಿದ್ದಾರೆ, ಕೂಡಲೇ ನಿಷೇಧಿಸಬೇಕು ಎಂದು ಅದರಲ್ಲಿತ್ತು. ಕೆಳಗೆ ಒಂದು ಪುಟದ ತುಂಬ ಸಹಿ. ಎಲ್ಲರೂ ಒಳ್ಳೆಯವರೇ, ಎಲ್ಲರೂ ನಮ್ಮವರೇ. 'ನಿಮ್ಮ ಸಹಿ ಮೊದಲು ಇರಲಿ ಅಂತ ಮೇಲ್ಗಡೆ ಜಾಗ ಬಿಟ್ಟಿದೀವಿ ಸಾರ್' ಎಂದು ಫೋನಿನಲ್ಲಿ ಹೇಳಿದರು.

ನಾನು ಸಹಿ ಮಾಡಲಿಲ್ಲ. ಯಾಕೆ ಎಂದು ಫೋನಿನಲ್ಲಿ ಹೇಳಕ್ಕಾಗಲಿಲ್ಲ. ಅಂಥದೇ ಒಂದು ಅರ್ಜಿಯನ್ನು 1987ರಲ್ಲಿ ನಾನೇ ಬರೆದಿದ್ದೆ. ಅದರ ಫಲವನ್ನೂ ಕಣ್ಣಾರೆ ಕಂಡಿದ್ದೆ. ಆದ್ದರಿಂದ ಈ ಬರಹ. ಇದು ರೆಕಾರ್ಡ್ ಡ್ಯಾನ್ಸಿನ ಪರವಾದ ವಕಾಲತ್ತು ಅಲ್ಲ. ಅದನ್ನು ಒಂದು ಪ್ರದರ್ಶನ ಎಂದು ಇಟ್ಟುಕೊಂಡು, ಒಂದು ನಾಟಕವನ್ನೋ ಕಾವ್ಯವನ್ನೋ ವಿಮರ್ಶೆ ಮಾಡುವ ಹಾಗೆ, ಇದನ್ನು ಕಟ್ಟಿದವರು ಯಾರು, ಆಡಿದವರು ಯಾರು, ನೋಡಿದವರು ಯಾರು ಎಂದು ಕೇಳುವ ಪ್ರಯತ್ನ.

ಬೇರೆ ಕಡೆಯ ಓದುಗರಿಗೆ ಎರಡು ಮಾತು. ಬೆಂಗಳೂರಿನ ಹೋಟೆಲುಗಳಲ್ಲಿ ಕ್ಯಾಬರೆ ನಡೆಯುತ್ತಿದ್ದ ಕಾಲಕ್ಕೆ ನಮ್ಮ ಗಡಿಯ ಹಳ್ಳಿಗಳಲ್ಲಿ ರೆಕಾರ್ಡ್ ಡ್ಯಾನ್ಸ್ ನಡೆಯುತ್ತಿತ್ತು. ಈ ಜಿಲ್ಲೆಗೆ ಆಂಧ್ರ ಒಂದು ಕಡೆ, ತಮಿಳುನಾಡು ಇನ್ನೊಂದು ಕಡೆ. ಮೂರು ಭಾಷೆಯ ಸಿನಿಮಾ ಹಾಡೂ ನಮ್ಮ ಕಿವಿಗೆ ಬೀಳುತ್ತವೆ. ರೆಕಾರ್ಡ್ ಹಾಕಿ ಅದಕ್ಕೆ ಕುಣಿಯುವುದರಿಂದ ಆ ಹೆಸರು. ರೆಕಾರ್ಡ್ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಪೆನ್‌ಡ್ರೈವ್ ಬಂತು, ಹೆಸರು ಮಾತ್ರ ಹೋಗಲಿಲ್ಲ. ಎನ್.ಟಿ.ಆರ್. ಥರ ವೇಷ ಹಾಕಿದ ಒಬ್ಬ, ಜಯಮಾಲಿನಿ ಥರ, ಸಿಲ್ಕ್ ಸ್ಮಿತಾ ಥರ ಕುಣಿಯೋ ಮೂರು ನಾಲ್ಕು ಹೆಣ್ಣುಮಕ್ಕಳು, ಟೇಪಿನವನೊಬ್ಬ, ಮೈಕಿನವನೊಬ್ಬ. ದೇವರ ಉತ್ಸವ ಮುಗಿದ ಮೇಲೆ ಶುರು. ಮೊದಲು ಒಂದು ಭಕ್ತಿಗೀತೆ. ಆಮೇಲೆ ಡ್ಯುಯೆಟ್ಟು. ಹೆಂಗಸರು ಮಕ್ಕಳು ಎದ್ದು ಹೋದ ಮೇಲೆ, ನಡುರಾತ್ರಿ ದಾಟಿದ ಮೇಲೆ, ಬಟ್ಟೆ ಬಿಚ್ಚುವ ಹಾಡು. ಎಲ್ಲ ತಂಡವೂ ಹಾಗಲ್ಲ. ಆದರೆ ಅದಕ್ಕೇ ಕಾದು ಕೂತವರು ಎಲ್ಲ ಊರಲ್ಲೂ ಇದ್ದರು.

ಇದಕ್ಕೆ ದುಡ್ಡು ಎಲ್ಲಿಂದ? ಶ್ರೀನಿವಾಸಪುರದ ಕಡೆ ಮಾವಿನ ಮಂಡಿಯ ದುಡ್ಡು. ಮಾಲೂರಿನ ಕಡೆ ಹೆಂಚು, ಇಟ್ಟಿಗೆ ಕಾರ್ಖಾನೆಯ ದುಡ್ಡು. ಕೋಲಾರ, ಮುಳಬಾಗಿಲಿನ ಕಡೆ ರೇಷ್ಮೆಗೂಡು ಮಾರಿದ ದುಡ್ಡು, ಈಚೆಗೆ ಟೊಮ್ಯಾಟೊ ದುಡ್ಡು. ಮರ ಹತ್ತಿ ಕಾಯಿ ಕಿತ್ತವರದ್ದಲ್ಲ, ಗೂಡಿನಲ್ಲಿ ಇಟ್ಟಿಗೆ ಸುಟ್ಟವರದ್ದಲ್ಲ. ಮಂಡಿಯಿಂದ ಎಣಿಸಿಕೊಂಡು ಬಂದವರದ್ದು.

ಇನ್ನು ಆ ಮಧ್ಯಾಹ್ನದ ವಿಷಯ.

ಆಗ ನಾನು ಗಡಿಗೆ ಹತ್ತಿರದ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿದ್ದೆ. ಊರಿನ ಹೆಸರು ಬೇಡ. ಆ ಊರಿನ ಥರ ನೂರು ಊರುಗಳಿವೆ. ನಾನು ದಲಿತ. ಊರೊಳಗೆ ಮನೆ ಸಿಗಲಿಲ್ಲ. ಕಾಲೋನಿಯಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೆ. ಬೇಸಿಗೆ ರಜ. ಜಾತ್ರೆಗೆ ತಂಡ ಬಂದಿದೆ, ಇಳಿದುಕೊಳ್ಳಕ್ಕೆ ಸ್ಕೂಲಿನ ಬೀಗದ ಕೈ ಕೊಡಿ ಎಂದು ಜಾತ್ರೆ ಕಮಿಟಿಯವರು ಆಳು ಕಳಿಸಿದರು. ಕೊಡಲ್ಲ ಅನ್ನೋ ತಾಕತ್ತು ಆ ಊರಲ್ಲಿ ನನಗಿರಲಿಲ್ಲ. ಬೀಗ ನಾನೇ ತೆಗೆಯುತ್ತೇನೆ, ಮಕ್ಕಳ ಸಾಮಾನು ಇದೆ ಎಂದು ಹೇಳಿ ಹೋದೆ. ಹೇಳಿದ್ದು ಅದು. ಒಳಗೆ ಕುತೂಹಲವೂ ಇತ್ತು. ಸುಳ್ಳು ಹೇಳಿ ವಿಮರ್ಶೆ ಬರೆಯಕ್ಕಾಗಲ್ಲ.

ಮಧ್ಯಾಹ್ನ ಎರಡು ಗಂಟೆ. ಬಿಸಿಲಿಗೆ ಊರೇ ಮಲಗಿತ್ತು. ಬೇವಿನ ಮರದ ಕೆಳಗೆ ಇಬ್ಬರು ಹುಡುಗರು ಸೀರಿಯಲ್ ಸೆಟ್ಟಿನ ಬಲ್ಬು ಒಂದೊಂದೇ ತಿರುಗಿಸಿ ನೋಡುತ್ತಿದ್ದರು. ಒಂದನೇ ಕ್ಲಾಸಿನ ಕೋಣೆಯಲ್ಲಿ, ಭಾರತದ ನಕ್ಷೆಯ ಕೆಳಗೆ, ಮೂವರು ಹೆಂಗಸರು ಸೀರೆ ಹಾಸಿಕೊಂಡು ಮಲಗಿದ್ದರು. ನಾಲ್ಕನೆಯಾಕೆ ಗೋಡೆಗೆ ಒರಗಿ ರವಿಕೆಯ ಹುಕ್ಕು ಕಿತ್ತು ಪ್ರೆಸ್ ಬಟನ್ನು ಹೊಲಿಯುತ್ತಿದ್ದಳು. ಕಿಟಕಿಯಲ್ಲಿ ಐದಾರು ತಲೆ. ರಾತ್ರಿ ಹತ್ತು ಗಂಟೆಯ ಆಟಕ್ಕೆ ಮಧ್ಯಾಹ್ನವೇ ಬಂದ ಪ್ರೇಕ್ಷಕರು. ಅವರಿಗೆ ಕಾಣುತ್ತಿದ್ದದ್ದು ಏನು? ದಣಿದ ಹೆಂಗಸರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದದ್ದು. ಆದರೂ ನೋಡುತ್ತಲೇ ಇದ್ದರು.

'ಈ ಬಟನ್ನು ಯಾಕಮ್ಮ?' ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆ ಆಯಿತು.

ಆಕೆಗೆ ನಾಚಿಕೆ ಆಗಲಿಲ್ಲ. 'ಹುಕ್ಕಾದ್ರೆ ಎಳೆದ್ರೆ ಹರಿದೋಗ್ತದೆ ಮೇಷ್ಟ್ರೇ. ಇದಾದ್ರೆ ಪಟ್ ಅಂತ ಬಿಡ್ತದೆ. ಒಳಗೆ ಇನ್ನೊಂದು ಐತೆ, ಮೈ ಬಣ್ಣದ್ದು. ಅವ್ರಿಗೇನ್ ಗೊತ್ತಾಗ್ತದೆ ಅಷ್ಟು ದೂರಕ್ಕೆ' ಅಂದಳು. ಮಾತು ಕನ್ನಡ, ಎಳೆಯುವ ರಾಗ ತೆಲುಗು.

ಒಂದು ರಾತ್ರಿಗೆ 40 ರೂಪಾಯಿ. ನೋಟು ಬಿದ್ದರೆ ಅದರಲ್ಲಿ ಅರ್ಧ ತಂಡದ ಯಜಮಾನನಿಗೆ. ಮಳೆ ಬಂದರೆ ಏನೂ ಇಲ್ಲ. ಮಳೆಗಾಲದಲ್ಲಿ ಕೂಲಿ, ಕಳೆ ಕೀಳುವುದು. ಇಷ್ಟನ್ನು ಹೇಳಿ ಆಕೆ ಕುಡಿಯಕ್ಕೆ ನೀರು ಕೇಳಿದಳು. ಸ್ಕೂಲಿನ ಎದುರು ಮನೆಯೇ ಕಮಿಟಿ ಯಜಮಾನರದ್ದು. ತಂಡದ ಹುಡುಗ ಆಗಲೇ ಹೋಗಿ ಕೇಳಿ ಬಂದಿದ್ದನಂತೆ. 'ಚೊಂಬು ಕೊಡಲ್ಲ, ಕೈಗೆ ಹುಯ್ತೀವಿ ಅಂದ್ರು. ನಾಕು ಜನಕ್ಕೆ ಕೈಯಲ್ಲಿ ಹೆಂಗ್ ತರೋದು?' ಕಾಲೋನಿಯಿಂದ ನಾನೇ ಒಂದು ಬಿಂದಿಗೆ ತರಿಸಿದೆ. ಕಾಲೋನಿಯ ಹೆಂಗಸು ಬಿಂದಿಗೆ ಇಳಿಸಿ, ಏನೂ ಕೇಳದೆ, ಮಲಗಿದ್ದವರ ತಲೆ ಹತ್ತಿರ ಒಂದು ಲೋಟ ಇಟ್ಟು ಹೋದಳು.

ರಾತ್ರಿ ಇದೇ ಊರಿನ ಗಂಡಸರು ವೇದಿಕೆ ಹತ್ತಿ ಆಕೆಯ ಎದೆಗೆ ಪಿನ್ನಿನಲ್ಲಿ ನೋಟು ಚುಚ್ಚುವವರು. ಚೊಂಬು ಮುಟ್ಟಿದರೆ ಮೈಲಿಗೆ. ಎದೆ ಮುಟ್ಟಿದರೆ ಮೈಲಿಗೆ ಇಲ್ಲ. ನಮ್ಮ ಸಮಾಜಶಾಸ್ತ್ರದ ಪುಸ್ತಕಗಳಲ್ಲಿ ಅಸ್ಪೃಶ್ಯತೆಗೆ ದೊಡ್ಡ ದೊಡ್ಡ ವ್ಯಾಖ್ಯಾನ ಓದಿದ್ದೆ. ಆ ಕೋಣೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಎಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಕಮಿಟಿಯ ಗುಮಾಸ್ತ ಬಂದ. 'ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂಗೈತೆ, ಚಂದಾ ಕೊಟ್ಟೋರ ಪಟ್ಟಿ ಬರ್ದುಕೊಡಿ, ಮೈಕಲ್ಲಿ ಓದ್ಬೇಕು' ಅಂದ. ನಾನು ಮಕ್ಕಳ ಬೆಂಚಿನ ಮೇಲೆ ಕೂತು ಬರೆದೆ. ಹೆಸರುಗಳಿಗೆ ಒಂದು ಕ್ರಮವಿತ್ತು. ಮೊದಲು ಗೌಡರು, ಆಮೇಲೆ ಅವರ ಬೀಗರು, ಆಮೇಲೆ ಕಂಟ್ರಾಕ್ಟರು, ಮಂಡಿಯವರು, ಸೊಸೈಟಿ ಸೆಕ್ರೆಟರಿ. ಎಲ್ಲರಿಗೂ ಹಿಂದೆ ಶ್ರೀ, ಮುಂದೆ ಅವರು. ಕೊನೆಯಲ್ಲಿ ಒಂದು ಸಾಲು: ಕಾಲೋನಿಯವರು, 101 ರೂಪಾಯಿ. ಮನೆಮನೆಯಿಂದ ಎರಡು ಮೂರು ರೂಪಾಯಿ ಎತ್ತಿದ ದುಡ್ಡು ಅದು. ಅದರಲ್ಲಿ ನನ್ನದೂ ಇತ್ತು. ಹೆಸರು ಯಾರದೂ ಇಲ್ಲ. ಗುಮಾಸ್ತ ಹೇಳಿದ, ನಾನು ಬರೆದೆ. ನನ್ನ ಜನಕ್ಕೆ ಹೆಸರಿಲ್ಲ ಎಂದು ನನ್ನ ಮುತ್ತಿನಂಥ ಅಕ್ಷರದಲ್ಲೇ ಬರೆದೆ. ಆ ಹೆಂಗಸು ಬಟನ್ನು ಹೊಲಿಯುತ್ತ ನನ್ನ ಕೈಯನ್ನೇ ನೋಡುತ್ತಿದ್ದಳು. 'ಎಷ್ಟು ದುಂಡಗೆ ಬರೀತೀರಿ' ಅಂದಳು.

ಸಂಜೆ ಸಂಘದ ಗೆಳೆಯರು ಸೇರಿದರು. ಹಿಂದಿನ ವರ್ಷ, 1986ರಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿ ನಡೆದಿತ್ತು. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಬೆಟ್ಟಕ್ಕೆ ಹೋಗುವ ಹರಕೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಗುಂಪು ಹೊಡೆದಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿತ್ತು. ಆ ಗಾಯ ಹಸಿಯಾಗಿತ್ತು. ದೇವರ ಹೆಸರಲ್ಲಿ ಬೆತ್ತಲೆ ಅಲ್ಲಿ, ಜಾತ್ರೆಯ ಹೆಸರಲ್ಲಿ ಬೆತ್ತಲೆ ಇಲ್ಲಿ, ಎರಡೂ ಒಂದೇ ಎಂದು ನಮ್ಮ ವಾದ. ಅರ್ಜಿ ಬರೆಯೋಣ ಅಂದರು. ಮೇಷ್ಟ್ರ ಅಕ್ಷರ ಚೆನ್ನಾಗಿದೆ, ಅವರೇ ಬರೆಯಲಿ ಅಂದರು. ಬರೆದೆ. ಸೈಕಲ್ಲಿನಲ್ಲಿ ಹೋಗಿ ಠಾಣೆಗೆ ಕೊಟ್ಟು ಬಂದರು.

ರಾತ್ರಿ ಜೀಪು ಬಂತು. ಬಟ್ಟೆ ಬಿಚ್ಚುವ ಹಾಡು ಇನ್ನೂ ಶುರುವಾಗಿರಲಿಲ್ಲ. ಮುಂದಿನ ಸಾಲಿನ ಕುರ್ಚಿಗಳು ಮೊದಲು ಖಾಲಿಯಾದವು. ಕುರ್ಚಿಯವರಿಗೆ ಸಾಹೇಬರು ನಮಸ್ಕಾರ ಹೇಳಿದರು. ನಾಲ್ಕು ಹೆಂಗಸರನ್ನೂ ಟೇಪಿನವನನ್ನೂ ಜೀಪಿಗೆ ಹತ್ತಿಸಿದರು. ಕೇಸು ಹಾಕಿದ್ದು ಭಾರತ ದಂಡ ಸಂಹಿತೆಯ 294ನೇ ಕಲಮಿನಲ್ಲಿ: ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ವರ್ತನೆ, ಅಶ್ಲೀಲ ಹಾಡು. 2024ರ ಜುಲೈಯಿಂದ ಅದೇ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 296ನೇ ಸಂಖ್ಯೆ. ಕುಣಿಸಿದ ಕಮಿಟಿಯವರ ಮೇಲೆ ಕೇಸಿಲ್ಲ. ಪಟ್ಟಿಯ ತುಂಬ ಅವರ ಹೆಸರಿತ್ತು, ಎಫ್.ಐ.ಆರ್.ನಲ್ಲಿ ಒಂದು ಹೆಸರೂ ಇರಲಿಲ್ಲ.

ಬೆಳಿಗ್ಗೆ ಠಾಣೆಯ ಜಗಲಿಯಲ್ಲಿ ಅವರು ಕೂತಿದ್ದರು. ಕಾನ್‌ಸ್ಟೇಬಲ್ ಮೇಜಿನ ಮೇಲೆ ಎರಡು ಕಾಗದ. ವೇದಿಕೆಯ ಮೇಲೆ ಸಿಕ್ಕ ಚಂದಾ ಪಟ್ಟಿ, ಪಕ್ಕದಲ್ಲಿ ನಮ್ಮ ಅರ್ಜಿ. ಆಕೆ ನನ್ನನ್ನು ಕಂಡು ಎದ್ದು ನಿಂತಳು. ಬೈಯಲಿಲ್ಲ. 'ನಂಗೆ ಓದಕ್ಕೆ ಬರಲ್ಲ ಮೇಷ್ಟ್ರೇ. ಆದ್ರೆ ಎರಡೂ ನಿಮ್ಮ ಅಕ್ಷರಾನೇ ಅಲ್ವಾ?' ಅಂದಳು. ಆಮೇಲೆ, 'ನಿನ್ನೆ ಕೂಲಿನೂ ಕೊಡ್ಲಿಲ್ಲ. ಊರಿಗೆ ಬಸ್ ಚಾರ್ಜು ಯಾರು ಕೊಡ್ತಾರೆ ಸಾಮಿ?' ಅಂದಳು.

ಚಾರ್ಜು ನಾವು ಕೂಡಿಸಿ ಕೊಟ್ಟೆವು. ಮೊದಲ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ.

ರೆಕಾರ್ಡ್ ಡ್ಯಾನ್ಸನ್ನು ಪ್ರದರ್ಶನವಾಗಿ ನೋಡಿ. ನಮ್ಮ ಕಡೆಯ ಕೇಳಿಕೆಯ ಪಕ್ಕದಲ್ಲಿಟ್ಟು ನೋಡಿ. ಕೇಳಿಕೆಯಲ್ಲಿ ಊರಿನವರೇ ಬಣ್ಣ ಹಚ್ಚುತ್ತಾರೆ, ಹೆಣ್ಣುಪಾತ್ರವನ್ನೂ ಹೆಚ್ಚಾಗಿ ಗಂಡಸರೇ ಮಾಡುತ್ತಾರೆ. ಆಡುವವನು ಗೊತ್ತು, ನೋಡುವವನು ಗೊತ್ತು. ತಪ್ಪಿದರೆ ಬೈಯುತ್ತಾರೆ, ಚೆನ್ನಾಗಿ ಮಾಡಿದರೆ ಮಾರನೆ ದಿನ ಹೊಲದಲ್ಲಿ ನೆನೆಸಿಕೊಳ್ಳುತ್ತಾರೆ. ರೆಕಾರ್ಡ್ ಡ್ಯಾನ್ಸಿನಲ್ಲಿ ಕುಣಿಯುವವಳಿಗೆ ಊರಿಲ್ಲ, ಹೆಸರಿಲ್ಲ. ಇರುವುದು ಇನ್ನೊಬ್ಬಳ ಹೆಸರು: 'ಜೂನಿಯರ್' ಜಯಮಾಲಿನಿ, 'ಜೂನಿಯರ್' ಸಿಲ್ಕು. ದನಿಯೂ ಅವಳದ್ದಲ್ಲ, ಟೇಪಿನದು. ಹಾಡೂ ಅವಳದ್ದಲ್ಲ. ಅವಳದ್ದು ಮೈ ಮಾತ್ರ.

ಹಾಗಾದರೆ ಆ ರಾತ್ರಿ ಯಾರ ಹೆಸರು ಕೇಳಿಸುತ್ತದೆ? ಎರಡು ಹಾಡಿನ ನಡುವೆ ಮೈಕಿನವನು ಓದುವ ಹೆಸರುಗಳು. ಇಂಥವರು ಇಂಥ ಹಾಡಿಗೆ ಮೆಚ್ಚಿ ಹತ್ತು ರೂಪಾಯಿ. ಇಂಥವರ ಅಳಿಯಂದಿರು ಒನ್ಸ್ ಮೋರ್ ಕೇಳಿ ಇಪ್ಪತ್ತು ರೂಪಾಯಿ. ಒಬ್ಬನ ಹೆಸರು ಬಂದರೆ ಎದುರಾಳಿ ಅದಕ್ಕಿಂತ ದೊಡ್ಡ ನೋಟು ಕಳಿಸಬೇಕು. ಗಮನ ಇಟ್ಟು ಕೇಳಿದರೆ ಗೊತ್ತಾಗುತ್ತದೆ, ಈ ಪ್ರದರ್ಶನದ ನಿಜವಾದ ಪಠ್ಯ ಅದೇ. ಕುಣಿತ ನಡುನಡುವೆ ಬರುವ ಬಿಡುವು. ಬಟ್ಟೆ ಬಿಚ್ಚುವುದು ಅವಳು, ತೋರಿಸಿಕೊಳ್ಳುವುದು ಅವರು. ಯಾರ ಹತ್ತಿರ ಎಷ್ಟಿದೆ, ಯಾರ ಮಾತಿಗೆ ಒಬ್ಬ ಹೆಂಗಸು ಎಷ್ಟು ಬಾಗುತ್ತಾಳೆ ಎಂದು ಊರ ಎದುರು ತೋರಿಸುವ ಆಟ ಇದು. ಪಾಳೇಗಾರಿಕೆ ಹೋಯಿತು ಎಂದು ಹೇಳುವವರು ಒಂದು ರಾತ್ರಿ ಆ ಮೈಕು ಕೇಳಬೇಕು.

ಕೂರುವ ಕ್ರಮವನ್ನೂ ನೋಡಿ. ಮುಂದೆ ಕುರ್ಚಿ, ಆಮೇಲೆ ಜಮಖಾನ, ಆಮೇಲೆ ನೆಲ, ಕೊನೆಗೆ ಬೇಲಿಯ ಪಕ್ಕ ನಿಂತವರು. ಅವರು ನಮ್ಮವರು. ಸಂಜೆ ಆರಕ್ಕೆ ದೇವರ ಮುಂದೆ ತಮಟೆ ಬಡಿದವರು ಅವರೇ. ರಾತ್ರಿ ಹತ್ತಕ್ಕೆ ಅವರಿಗೆ ಜಾಗ ಬೇಲಿಯಾಚೆ. ಇದನ್ನು ಬರೆಯುವಾಗ ಒಂದು ಎಚ್ಚರವೂ ಬೇಕು. ನಮ್ಮ ಹುಡುಗರಿಗೂ ಬೇಲಿ ದಾಟಿ ಮುಂದೆ ಹೋಗುವ ಆಸೆ ಇತ್ತು. ಕುರ್ಚಿ ಬೇಕು ಎನ್ನುವುದು ನ್ಯಾಯವಾದ ಆಸೆ. ಆ ಕುರ್ಚಿಯಲ್ಲಿ ಕೂತು ಗೌಡ ಮಾಡಿದ್ದನ್ನೇ ಮಾಡಬೇಕು ಎನ್ನುವುದು ಬಿಡುಗಡೆ ಅಲ್ಲ. ಈಗ ಕೆಲವು ಊರುಗಳಲ್ಲಿ ನಮ್ಮ ಹುಡುಗರೂ ನೋಟು ಎಸೆಯುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ ಎಂದು ಕೇಳುತ್ತೇನೆ. ಸಮಾನತೆ ಬಂತು ಅಂತ ಸಂತೋಷ ಪಡಬೇಕೇ?

ಇನ್ನು 'ಅಶ್ಲೀಲ' ಎಂಬ ಶಬ್ದ. ನಮ್ಮ ಅರ್ಜಿಯಲ್ಲಿ ನಾನೇ ಮೂರು ಸಲ ಬಳಸಿದ್ದೆ. ಆ ಶಬ್ದ ಯಾರ ಮನೆಯಿಂದ ಬಂದದ್ದು ಎಂದು ಆಗ ಯೋಚಿಸಿರಲಿಲ್ಲ.

ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ತಂಜಾವೂರಿನ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನ'ವನ್ನು ಅಚ್ಚು ಹಾಕಿಸಿದರು. ಬರೆದವಳೂ ಅಚ್ಚು ಹಾಕಿಸಿದವಳೂ ದೇವದಾಸಿ ಪರಂಪರೆಯವರು. ಮರುವರ್ಷವೇ ಬ್ರಿಟಿಷ್ ಸರ್ಕಾರ ಅಶ್ಲೀಲ ಎಂದು ನಿಷೇಧಿಸಿತು. ನಿಷೇಧ ಹೋದದ್ದು 1947ರಲ್ಲಿ. ಗಂಡಸರು ಬರೆದ ಶೃಂಗಾರ ಕಾವ್ಯಗಳನ್ನು ಅಷ್ಟೂ ವರ್ಷ ಪಂಡಿತರು ಪಾಠ ಹೇಳುತ್ತಲೇ ಇದ್ದರು. ದೇವದಾಸಿಯರು ಕುಣಿಯುತ್ತಿದ್ದ ಸದಿರು ಹೊಲಸು ಎನಿಸಿಕೊಂಡಿತ್ತು. 1935ರಲ್ಲಿ ರುಕ್ಮಿಣಿ ದೇವಿಯವರು ಅಡ್ಯಾರಿನಲ್ಲಿ ಅದನ್ನು ಕುಣಿದ ಮೇಲೆ ಮೇಲ್ಜಾತಿಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಭರತನಾಟ್ಯ ಎಂಬ ಹೆಸರಿನಲ್ಲಿ ಅದು ಶಾಸ್ತ್ರೀಯವಾಯಿತು. ಕುಣಿತ ಉಳಿಯಿತು, ಕುಣಿಯುತ್ತಿದ್ದವರು ಹೊರಗೆ ಬಿದ್ದರು. ಮಹಾರಾಷ್ಟ್ರದ ತಮಾಶಾದಲ್ಲಿ ಕುಣಿಯುವ ದಲಿತ ಹೆಣ್ಣುಮಕ್ಕಳ ಬಗ್ಗೆ ಶೈಲಜಾ ಪೈಕ್ 2022ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ತಂದರು. ಅಶ್ಲೀಲತೆಯ ಪ್ರಶ್ನೆ ಜಾತಿಯ ಪ್ರಶ್ನೆ ಎಂಬುದು ಅದರ ತಿರುಳು.

ಜಾತಿಯಾಯಿತು, ವರ್ಗ ನೋಡಿ. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡ್ಯಾನ್ಸ್ ಬಾರುಗಳನ್ನು ಮುಚ್ಚಿಸಿತು. ಹೆಣ್ಣಿನ ಮಾನ ಉಳಿಸಲು ಎಂದು ಕಾರಣ ಹೇಳಿತು. ಆದರೆ ಅದೇ ಕಾನೂನಿನಲ್ಲಿ ಮೂರು ನಕ್ಷತ್ರ ಮತ್ತು ಅದಕ್ಕೆ ಮೇಲಿನ ಹೋಟೆಲುಗಳಿಗೆ, ಸದಸ್ಯರ ಜಿಮ್ಖಾನಾ ಕ್ಲಬ್ಬುಗಳಿಗೆ ವಿನಾಯಿತಿ. ಬಡವ ಬಿಯರು ಕುಡಿದು ನೋಡಿದರೆ ಅಶ್ಲೀಲ, ಸಾಹುಕಾರ ಸ್ಕಾಚು ಕುಡಿದು ನೋಡಿದರೆ ಮನರಂಜನೆ. ಮುಂಬಯಿ ಹೈಕೋರ್ಟು 2006ರಲ್ಲಿ ಈ ನಿಷೇಧವನ್ನು ಹೊಡೆದುಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ಈ ಭೇದ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೆಲಸ ಕಳೆದುಕೊಂಡ ಹೆಂಗಸರಲ್ಲಿ ಅನೇಕರು ಇನ್ನೂ ಕೆಟ್ಟ ಸ್ಥಿತಿಗೆ ಬಿದ್ದರು ಎಂಬುದನ್ನೂ ಗುರುತಿಸಿತು. ಎಂಟು ವರ್ಷ ಆಗಿಹೋಗಿತ್ತು. ಎಂಟು ವರ್ಷ ಒಬ್ಬ ಹೆಂಗಸು ಏನು ತಿಂದಾಳು? ನಮ್ಮ ಬೆಂಗಳೂರಿನ ಲೈವ್ ಬ್ಯಾಂಡ್ ಬಾರುಗಳ ವಿಷಯ ಬೇರೆ. ಅಲ್ಲಿ 2005ರಲ್ಲಿ ಬಂದ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ನಿಷೇಧ ಬೇರೆ, ನಿಯಂತ್ರಣ ಬೇರೆ. ನಮ್ಮ ಅರ್ಜಿಗಳಲ್ಲಿ ಈ ವ್ಯತ್ಯಾಸ ಇರುವುದಿಲ್ಲ. ಮುಚ್ಚಿಸಿ ಅಂತಷ್ಟೇ ಇರುತ್ತದೆ.

ಸಿನಿಮಾ ನೋಡಿ. ಟೆಂಟಿನಲ್ಲಿ ಸಿಲ್ಕ್ ಸ್ಮಿತಾ ಕುಣಿದರೆ ಸೆನ್ಸಾರ್ ಸರ್ಟಿಫಿಕೇಟು ಉಂಟು, ಸರ್ಕಾರಕ್ಕೆ ತೆರಿಗೆ ಉಂಟು. ಅದೇ ಹಾಡಿಗೆ ಅದೇ ಕುಣಿತವನ್ನು ಹಳ್ಳಿಯಲ್ಲಿ ಒಬ್ಬ ಕೂಲಿ ಹೆಂಗಸು ಕುಣಿದರೆ 294. ಸಿಲ್ಕ್ ಸ್ಮಿತಾ ಕೂಡ ಆಂಧ್ರದ ಬಡ ಮನೆಯ ಹುಡುಗಿ, ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. 1996ರಲ್ಲಿ ಚೆನ್ನೈನಲ್ಲಿ ಸತ್ತಾಗ 36 ವರ್ಷ ಕೂಡ ತುಂಬಿರಲಿಲ್ಲ. ಆಕೆಯನ್ನು ತೋರಿಸಿ ದುಡ್ಡು ಮಾಡಿದವರ ಮನೆಗಳು ಇನ್ನೂ ಗಟ್ಟಿಯಾಗಿವೆ.

ನಮ್ಮ ಸಾಹಿತ್ಯ? ನವ್ಯದ ಎಷ್ಟೋ ಕತೆಗಳಲ್ಲಿ ನಾಯಕ ಲಾಡ್ಜಿಗೆ ಹೋಗುತ್ತಾನೆ, ಒಬ್ಬ ಹೆಣ್ಣಿನ ಮುಂದೆ ಕೂತು ತನ್ನ ಅಸ್ತಿತ್ವದ ಬಗ್ಗೆ ಚಿಂತೆ ಮಾಡುತ್ತಾನೆ. ಅವನ ತಳಮಳಕ್ಕೆ ಪುಟಗಟ್ಟಲೆ ಜಾಗ. ಅವಳಿಗೆ ಊಟ ಆಗಿದೆಯಾ ಎಂದು ಕತೆಗಾರ ಕೇಳುವುದಿಲ್ಲ. ನವ್ಯರನ್ನು ಬೈದು ನಾವು ಬಂದೆವು. ನಾವು ಏನು ಬರೆದೆವು? ಅತ್ಯಾಚಾರಕ್ಕೆ ಒಳಗಾದ ದಲಿತ ಹೆಣ್ಣಿನ ಬಗ್ಗೆ ಕವಿತೆ ಬರೆದೆವು. ಬರೆಯಲೇಬೇಕಿತ್ತು. ಆದರೆ ಕುಣಿದು ಬದುಕುವ ದಲಿತ ಹೆಣ್ಣಿನ ಬಗ್ಗೆ ನಮ್ಮ ಪದ್ಯಗಳು ನಾಚಿಕೊಂಡವು. ನಮ್ಮ ಕಣ್ಣೀರಿಗೆ ತಕ್ಕ ಹಾಗೆ ಕೂತುಕೊಳ್ಳದವಳು ನಮಗೆ ಅಕ್ಕ ಆಗಲಿಲ್ಲ, ತಂಗಿ ಆಗಲಿಲ್ಲ. ಕೇಸಿನ ವಸ್ತು ಆದಳು. ಒಂದು ಕಾಲಕ್ಕೆ ಮುಟ್ಟಬಾರದ ಚರ್ಮವಾಗಿದ್ದ ತಮಟೆಗೆ ಇಂದು ಮರ್ಯಾದೆ ಬಂದಿದೆ. ಅವಿಭಜಿತ ಕೋಲಾರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದು ಹೆಮ್ಮೆಯ ವಿಷಯ. ಅದೇ ಜಾತ್ರೆಯಲ್ಲಿ ಅದೇ ರಾತ್ರಿ ಕುಣಿದ ಹೆಂಗಸನ್ನು ಮಾತ್ರ ನಾವು ಕಲಾವಿದೆ ಎಂದೂ ಕರೆಯಲಿಲ್ಲ, ಕೂಲಿಗಾರ್ತಿ ಎಂದೂ ಕರೆಯಲಿಲ್ಲ.

ಹಾಗಂತ ಇದು ಕಲೆ, ಇದು ಅವಳ ಸ್ವಾತಂತ್ರ್ಯ ಎಂದು ಹಾಡಿ ಹೊಗಳುವ ಪೇಟೆಯ ಮಾತೂ ನನಗೆ ಬೇಡ. 40 ರೂಪಾಯಿಗೆ ಪ್ರೆಸ್ ಬಟನ್ನು ಹೊಲಿದುಕೊಳ್ಳುವುದು ಸ್ವಾತಂತ್ರ್ಯವಲ್ಲ. ಬಾಬಾಸಾಹೇಬರು ಈ ವಿಷಯದಲ್ಲಿ ಮೃದುವಾಗಿರಲಿಲ್ಲ. 1936ರ ಜೂನ್‌ನಲ್ಲಿ ಮುಂಬಯಿಯಲ್ಲಿ ದೇವದಾಸಿಯರು, ಜೋಗತಿಯರು, ಮುರಳಿಯರು ಸೇರಿದ್ದ ಸಭೆಯಲ್ಲಿ, ಈ ಬದುಕನ್ನು ಬಿಡಿ ಎಂದು ಕಟುವಾಗಿಯೇ ಹೇಳಿದರು. ನಿಷೇಧ ಬೇಕು ಎನ್ನುವ ಗೆಳೆಯರು ಇದನ್ನು ನನಗೆ ನೆನಪಿಸುತ್ತಾರೆ. ನಾನು ಅವರಿಗೆ ಇನ್ನೊಂದನ್ನು ನೆನಪಿಸುತ್ತೇನೆ. ಅಂಬೇಡ್ಕರ್ ಅವರ ಎದುರಿಗೆ ನಿಂತು ಮಾತಾಡಿದರು. ನೀವೂ ನನ್ನವರು, ಆದ್ದರಿಂದ ಹೇಳುತ್ತಿದ್ದೇನೆ ಎಂಬ ಹಕ್ಕಿನಿಂದ ಮಾತಾಡಿದರು. ನಾವು ಅವರ ಬೆನ್ನ ಹಿಂದೆ ಠಾಣೆಗೆ ಅರ್ಜಿ ಕೊಟ್ಟೆವು. ಎರಡೂ ಒಂದೇ ಅಲ್ಲ.

ಚಂದ್ರಗುತ್ತಿಯಿಂದ ನಾವು ಕಲಿತದ್ದೂ ಅರ್ಧ ಪಾಠವೇ. ಅಲ್ಲಿ ನಮ್ಮವರು ಎದುರು ಹಾಕಿಕೊಂಡದ್ದು ಬೆತ್ತಲೆಯಾದವರನ್ನಲ್ಲ, ಬೆತ್ತಲೆ ಮಾಡಿಸುವ ಪದ್ಧತಿಯನ್ನು, ಅದರಿಂದ ಲಾಭ ಪಡೆಯುವವರನ್ನು. ಅದಕ್ಕೇ ಏಟು ಬಿತ್ತು. ನಮ್ಮ ಊರಿನಲ್ಲಿ ನಾವು ಬೆತ್ತಲೆಯಾಗುವವಳನ್ನು ಮಾತ್ರ ಹಿಡಿಸಿದೆವು. ಅದಕ್ಕೇ ನಮಗೆ ಒಂದು ಏಟೂ ಬೀಳಲಿಲ್ಲ. ಮಾರನೆ ದಿನ ಗೌಡರು ಎಂದಿನ ಹಾಗೆ ನಮಸ್ಕಾರ ತೆಗೆದುಕೊಂಡರು. ಹೋರಾಟಕ್ಕೆ ಏಟು ಬೀಳದಿದ್ದಾಗ ಅದು ಯಾರ ಮೇಲೆ ನಡೆಯಿತು ಎಂದು ಒಂದು ಸಲ ತಿರುಗಿ ನೋಡಬೇಕು.

ಆದ್ದರಿಂದ ಗೆಳೆಯರೇ, ನಿಮ್ಮ ಮನವಿಯನ್ನು ವಾಪಸು ಕಳಿಸುತ್ತಿದ್ದೇನೆ. ಹರಿದು ಹಾಕಬೇಡಿ. ತಿದ್ದಿ. ಅದರಲ್ಲಿ ಕುಣಿಯುವವರ ಬಗ್ಗೆ ಹತ್ತು ಸಾಲಿದೆ, ಕುಣಿಸುವವರ ಬಗ್ಗೆ ಒಂದು ಸಾಲೂ ಇಲ್ಲ. ಕಮಿಟಿಯವರ ಹೆಸರು ಬರೆಯಿರಿ. ತಂಡಕ್ಕೆ ಮುಂಗಡ ಕೊಟ್ಟವರು ಯಾರು, ಪೆಂಡಾಲಿಗೆ ದುಡ್ಡು ಹಾಕಿದವರು ಯಾರು, ಬರೆಯಿರಿ. ಕೇಸು ಹಾಕುವುದಾದರೆ ಅವರ ಮೇಲೆ ಹಾಕಿ ಎಂದು ಬರೆಯಿರಿ. ಆಟ ನಿಂತರೂ ಹೆಂಗಸರ ಕೂಲಿ ನಿಲ್ಲಬಾರದು, ಊರಿಗೆ ಮುಟ್ಟಿಸುವ ಜವಾಬ್ದಾರಿ ಕರೆಸಿದವರದ್ದು ಎಂದು ಬರೆಯಿರಿ. ದೇವರ ದುಡ್ಡಿನಲ್ಲಿ ಕಾಲೋನಿಯ ಪಾಲಿದ್ದರೆ ಲೆಕ್ಕ ಕೇಳಿ, ಒಂದೊಂದು ಮನೆಯ ಹೆಸರೂ ಪಟ್ಟಿಯಲ್ಲಿ ಬರಲಿ ಎಂದು ಕೇಳಿ.

ಇಷ್ಟು ಬರೆದರೆ ಈಗ ಇರುವ ಸಹಿಗಳಲ್ಲಿ ಕೆಲವು ವಾಪಸು ಹೋಗುತ್ತವೆ. ಹೋಗಲಿ. ಯಾರ ಸಹಿ ಹೋಯಿತು ಎಂದು ಗುರುತಿಟ್ಟುಕೊಳ್ಳಿ.

ಇನ್ನೊಂದು ಮಾತು. ಬರೆಯುವ ಮೊದಲು ಒಂದು ಮಧ್ಯಾಹ್ನ ಅವರು ಇಳಿದುಕೊಂಡಿರುವಲ್ಲಿಗೆ ಹೋಗಿ. ರಾತ್ರಿ ಬೇಡ. ರಾತ್ರಿ ಎಲ್ಲರೂ ಹೋಗುತ್ತಾರೆ. ಮಧ್ಯಾಹ್ನ ಹೋಗಿ, ನೀರಾಯಿತೇ ಊಟವಾಯಿತೇ ಎಂದು ಕೇಳಿ, ಕೂತು ಮಾತಾಡಿ. ಅವರು ಏನು ಬೇಕು ಎನ್ನುತ್ತಾರೋ ಅದನ್ನು ಮೊದಲನೆಯ ಬೇಡಿಕೆಯಾಗಿ ಸೇರಿಸಿ. ಆಮೇಲೆ ನನಗೆ ಕಳಿಸಿ. ಸಹಿ ಮಾಡುತ್ತೇನೆ. ನನ್ನ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ, ಅಕ್ಷರ ಮೊದಲಿನ ಹಾಗೆ ದುಂಡಗಿಲ್ಲ. ಆದರೂ ಬೇಕೆಂದರೆ ಆ ಅರ್ಜಿಯನ್ನು ನಾನೇ ನನ್ನ ಕೈಯಲ್ಲಿ ಬರೆದುಕೊಡುತ್ತೇನೆ.